ಸಂಪಾದಕರ ಉತ್ತರ: ದೇಹ ಕವಳ ಕೇಳಿದರೆ ಕೊಡಬೇಕೇ?

ಶಿರಸಿ ಸೀಮೆಯ ಹಳ್ಳಿಯೊಂದರಿಂದ 52 ವರ್ಷದ ಗೃಹಿಣಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು: ಬೆಂಗಳೂರಿನ ಮಗಳು ಸಿರಿಧಾನ್ಯ ತಿನ್ನು ಅನ್ನುತ್ತಾಳೆ, ಅತ್ತೆ ಗಂಜಿ ಬಿಟ್ಟು ಕೆಟ್ಟಿರಿ ಅನ್ನುತ್ತಾರೆ, ಮೊಬೈಲಿನಲ್ಲಿ ದಿನಕ್ಕೊಬ್ಬರು ಒಂದೊಂದು ಹೇಳುತ್ತಾರೆ. ಕಡೆಗೆ ಯಾರೋ "ಮೈಂಡ್‌ಫುಲ್‌ನೆಸ್ (ಈ ಕ್ಷಣ ಮೈಮನದಲ್ಲಿ ಆಗುತ್ತಿರುವುದನ್ನು ತೀರ್ಪಿಲ್ಲದೆ ಗಮನಿಸುವುದು) ರೂಢಿಸಿಕೊಳ್ಳಿ, ನಿಮಗೆ ಯಾವುದು ಒಳ್ಳೆಯದೆಂದು ದೇಹವೇ ಹೇಳುತ್ತದೆ" ಎಂದರಂತೆ. "ನನ್ನ ದೇಹ ಊಟವಾದ ಕೂಡಲೇ ಕವಳ (ಎಲೆ ಅಡಿಕೆ) ಹಾಕು, ಮಲಗು ಅನ್ನುತ್ತದೆ. ಸಂಜೆ ಆರಕ್ಕೆ ಚಾ ಕೇಳುತ್ತದೆ. ತಲೆ ಹಗುರ ಇದ್ದ ದಿನ ಬಿಪಿ ಗುಳಿಗೆ ಬೇಡ ಅನ್ನುತ್ತದೆ. ಎಲ್ಲವನ್ನೂ ಕೇಳಲೇ?" ಎಂಬುದು ಅವರ ಪ್ರಶ್ನೆ.

ನಮಸ್ಕಾರ. ಗುಳಿಗೆಯ ಮಾತು ಮೊದಲು ಮುಗಿಸೋಣ, ಅದು ಕಾಯುವಂಥದ್ದಲ್ಲ. ರಕ್ತದೊತ್ತಡ ಒಳಗಿನಿಂದ ಗೊತ್ತಾಗುವ ಸಂಗತಿಯೇ ಅಲ್ಲ. 160 ಇದ್ದಾಗಲೂ ತಲೆ ಹಗುರ ಇರಬಹುದು, 120 ಇದ್ದಾಗಲೂ ತಿರುಗಬಹುದು. ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂತರೂ ಆ ಅಂಕಿ ಕಾಣದು, ಯಂತ್ರವನ್ನೇ ಕೇಳಬೇಕು. ಕೇಳುವುದಕ್ಕೂ ಕ್ರಮವಿದೆ. ಮೊದಲಿನ ಅರ್ಧ ಗಂಟೆ ಚಾ, ಕವಳ ಬೇಡ. ಮೂತ್ರಕ್ಕೆ ಹೋಗಿಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಪಾದ ನೆಲಕ್ಕೂರಿ ಐದು ನಿಮಿಷ ಮಾತಿಲ್ಲದೆ ಕೂತುಕೊಳ್ಳಿ. ತೋಳು ಎದೆಮಟ್ಟಕ್ಕೆ ಬರುವಂತೆ ಮೇಜಿನ ಮೇಲಿರಲಿ. ಒಂದು ನಿಮಿಷ ಬಿಟ್ಟು ಎರಡು ಸಲ ನೋಡಿ. ಬೆಳಿಗ್ಗೆ ಗುಳಿಗೆಗೆ ಮೊದಲು, ಸಂಜೆ ಒಮ್ಮೆ, ಹೀಗೆ ಏಳು ದಿನ ಬರೆದಿಡಿ. ಸರಾಸರಿ 135/85 ದಾಟುತ್ತಿದ್ದರೆ ಆ ಚೀಟಿ ಹಿಡಿದು ವೈದ್ಯರಲ್ಲಿಗೆ ಹೋಗಿ. ದಾಟದಿದ್ದರೂ ಗುಳಿಗೆ ನಿಮ್ಮಷ್ಟಕ್ಕೆ ಬಿಡಬೇಡಿ. ಅಂಕಿ ಚೆನ್ನಾಗಿರುವುದು ಅದೇ ಗುಳಿಗೆಯಿಂದ ಇದ್ದೀತು.

ಎರಡನೆಯದು ಕವಳ. ಅಡಿಕೆಯಿಂದಲೇ ಒಲೆ ಉರಿಯುವ ಸೀಮೆಗೆ ಇದನ್ನು ಬರೆಯುವುದು ಸುಲಭವಲ್ಲ, ಆದರೂ ಕೇಳಿದ್ದೀರಿ. ಅಡಿಕೆಯಲ್ಲಿರುವ ಅರೆಕೋಲಿನ್ ನರಮಂಡಲವನ್ನು ಚುರುಕು ಮಾಡುತ್ತದೆ. ಮೈ ಬೆಚ್ಚಗಾಗುತ್ತದೆ, ಬಾಯಲ್ಲಿ ನೀರೂರುತ್ತದೆ, ಜಡ ಬಿಟ್ಟಂತಾಗುತ್ತದೆ. ಹಾಗಾಗಿ ದೇಹ ಕೇಳುತ್ತಿರುವುದು ನಿಜ, ಹಿತವಾಗುವುದೂ ನಿಜ. ಒಳ್ಳೆಯದು ಎಂಬುದು ಮಾತ್ರ ಅದರಿಂದ ಸಿದ್ಧವಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕಿಲ್ಲದ ಕವಳವನ್ನೂ ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ಒಂದನೇ ಗುಂಪಿಗೆ ಸೇರಿಸಿದೆ. ಬಾಯೊಳಗಿನ ಚರ್ಮ ವರ್ಷಗಟ್ಟಲೆ ಸದ್ದಿಲ್ಲದೆ ಗಡುಸಾಗುತ್ತಾ ಬರುತ್ತದೆ. ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಕನ್ನಡಿಯ ಮುಂದೆ ನಿಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದು ಜೋಡಿಸಿ ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ನಡುವೆ ಹಿಡಿಸಿ ನೋಡಿ. ಹಿಡಿಸದಿದ್ದರೆ, ಖಾರ ತಾಗಿದರೆ ಉರಿಯುತ್ತಿದ್ದರೆ, ಬಿಳಿ ಮಚ್ಚೆ ಇದ್ದರೆ, ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ದಂತವೈದ್ಯರಿಗೆ ತೋರಿಸಿ. ಬಿಡಲು ಹೊರಟಾಗ ಮಾತ್ರ ಲಕ್ಷ್ಯ ಕೆಲಸಕ್ಕೆ ಬರುತ್ತದೆ: ಚಟದ ಸೆಳೆತ ಏರುತ್ತದೆ, ನಿಲ್ಲುತ್ತದೆ, ಇಳಿಯುತ್ತದೆ. ಹೆಚ್ಚಿನ ಸಲ ಹತ್ತು ಹದಿನೈದು ನಿಮಿಷದ ಆಟ ಅದು. ಕವಳದ ಬಟ್ಟಲು ಕೈಗೆ ಸಿಗದಷ್ಟು ದೂರದಲ್ಲಿದ್ದರೆ ಆ ಹೊತ್ತು ಕಳೆಯುವುದು ಹಗುರ.

ಲಕ್ಷ್ಯ ಎಂದೆವು. ಮೈಂಡ್‌ಫುಲ್‌ನೆಸ್‌ಗೆ ನಮ್ಮ ಕಡೆಯ ಆಡುಮಾತಿನಲ್ಲಿ ಅದಕ್ಕಿಂತ ಒಳ್ಳೆಯ ಶಬ್ದ ಹೊಳೆಯುವುದಿಲ್ಲ. ಬೌದ್ಧರ ಪಾಲಿ ಭಾಷೆಯ 'ಸತಿ' ಅದರ ಮೂಲ, ಸಂಸ್ಕೃತದ ಸ್ಮೃತಿ. 1979ರಲ್ಲಿ ಜಾನ್ ಕಬಾಟ್ ಝಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಇದನ್ನು ಕೆಲವು ವಾರಗಳ ಪಾಠವಾಗಿ ಮಾಡಿದರು. ಬಂದವರು ದೀರ್ಘಕಾಲದ ನೋವಿನ ರೋಗಿಗಳು. ಪಾಠ ಚಿಕಿತ್ಸೆಯ ಜೊತೆಗಿತ್ತು, ಬದಲಿಗಲ್ಲ. ಮೊಬೈಲಿನವರು ಈ ಕೊನೆಯ ಮಾತನ್ನು ಬಿಡುತ್ತಾರೆ.

ಆ ಪಾಠದಲ್ಲಿ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನ ಅಗಿದು ತಿನ್ನಿಸುತ್ತಾರೆ. ನಿಮಗೆ ದ್ರಾಕ್ಷಿ ಬೇಡ, ಮಧ್ಯಾಹ್ನದ ಊಟ ಸಾಕು. ಎಲ್ಲರಿಗೂ ಬಡಿಸಿ ಎರಡೂವರೆಗೆ ಕೂರುತ್ತೇನೆ ಎಂದು ಬರೆದಿದ್ದೀರಿ. ಹಸಿವು ಆಗಲೇ ಮಿತಿ ಮೀರಿರುತ್ತದೆ. ಕೈ ನೋಡಿಕೊಳ್ಳಿ: ಬಾಯಲ್ಲಿ ಒಂದು ತುತ್ತು ಇರುವಾಗಲೇ ಬೆರಳು ಮುಂದಿನ ತುತ್ತು ಕಲೆಸುತ್ತಿರುತ್ತದೆ. ಮೊದಲ ನಾಲ್ಕು ತುತ್ತಿಗಷ್ಟೇ, ನುಂಗುವ ತನಕ ಬೆರಳು ಬಾಳೆಯ ಮೇಲೆ ಸುಮ್ಮನಿರಲಿ. ಪೂರ್ತಿ ಊಟ ಹೀಗೆ ಮಾಡಲು ಹೊರಟವರು ಮೂರನೇ ದಿನ ಬಿಟ್ಟುಬಿಡುತ್ತಾರೆ. ಹೊಟ್ಟೆ ತುಂಬಿದ ಸುದ್ದಿ ತಲೆಗೆ ಸರಿಯಾಗಿ ಮುಟ್ಟಲು ಸುಮಾರು 20 ನಿಮಿಷ ಬೇಕು, ಅವಸರದ ಊಟ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ತಂಬುಳಿ, ಸಾರು, ಹುಳಿ ಆದ ಮೇಲೆ ಮಜ್ಜಿಗೆಗೆ ಅನ್ನ ಹಾಕಿಕೊಳ್ಳುವ ಮೊದಲು ಒಂದು ಬಿಡುವು ತಾನಾಗಿಯೇ ಇರುತ್ತದೆ. ಅಲ್ಲಿ ಹತ್ತು ಉಸಿರು ನಿಲ್ಲಿ. ಬೇಕಾಗಿರುವುದು ಹೊಟ್ಟೆಗೋ, ನಾಲಿಗೆಗೋ, ಪಾತ್ರೆ ಖಾಲಿಯಾಗಲೆಂದೋ? ಕಡೆಗೆ ಕೂರುವ ಹೆಂಗಸರಲ್ಲಿ ಮೂರನೆಯದೇ ಹೆಚ್ಚು. ಮಿಕ್ಕ ಹುಳಿಯನ್ನು ಊಟಕ್ಕೆ ಕೂರುವ ಮೊದಲೇ ಸಣ್ಣ ಪಾತ್ರೆಗೆ ಸುರಿದು ಒಳಗಿಟ್ಟರೆ ಈ ಪ್ರಶ್ನೆ ಅರ್ಧ ಕರಗುತ್ತದೆ.

ಒಂದು ಪಟ್ಟಿ ಪುಸ್ತಕ ಇಟ್ಟುಕೊಳ್ಳಿ. ಮೊದಲ ಏಳು ದಿನ ಏನನ್ನೂ ಬದಲಿಸದೆ ಊಟದ ಮೊದಲು, ಎರಡು ತಾಸು ಬಿಟ್ಟು, ಮರುದಿನ ಎದ್ದಾಗ ಮೂರು ಮೂರು ಶಬ್ದ ಬರೆಯಿರಿ. "ಹೊಟ್ಟೆ ಬಿಗಿ, ಹುಳಿತೇಗು, ಕಣ್ಣು ಭಾರ" ಹೀಗೆ. "ಅನ್ನ ಕೆಟ್ಟದ್ದು" ಎಂದು ಬರೆಯಬೇಡಿ, ಅದು ತೀರ್ಪು. ಅದನ್ನು ಬರೆದ ದಿನದಿಂದ ಕಣ್ಣು ಸಾಕ್ಷಿಯನ್ನಷ್ಟೇ ಹುಡುಕುತ್ತದೆ. ಆಮೇಲಿನ ಏಳು ದಿನ ಒಂದೇ ಒಂದು ಬದಲಾವಣೆ. ಚಾ, ಅನ್ನ, ನಿದ್ದೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ಗುಣ ಯಾವುದರದ್ದೆಂದು ಬ್ರಹ್ಮನಿಗೂ ಗೊತ್ತಾಗದು. ಮನೆಯಲ್ಲಿ ಮದುವೆ ಮುಂಜಿ ಇರುವ ವಾರ, ಕೊಯ್ಲಿನ ಗಡಿಬಿಡಿಯ ವಾರ ಲೆಕ್ಕಕ್ಕಿಲ್ಲ.

ನಿಮಗೆ ನಾವು ಸೂಚಿಸುವ ಮೊದಲ ಬದಲಾವಣೆ ಆರರ ಚಾ. ಕುಡಿದ ಕೆಫೀನಿನ ಅರ್ಧಭಾಗ ಸುಮಾರು ಐದು ತಾಸಾದ ಮೇಲೂ ಮೈಯಲ್ಲಿರುತ್ತದೆ. ಆರಕ್ಕೆ ಕುಡಿದದ್ದು ಹನ್ನೊಂದಕ್ಕೂ ಅರ್ಧ ಉಳಿದಿರುತ್ತದೆ. ಅದನ್ನು ಬಿಟ್ಟು ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕೊತ್ತಂಬರಿ ಜೀರಿಗೆಯ ಕಷಾಯ ಕುಡಿದು ಕೂತು ನೋಡಿ. ದೇಹ ಕೇಳುತ್ತಿದ್ದುದು ಚಾ ಅಲ್ಲ, ಹತ್ತು ನಿಮಿಷ ಕೂರುವುದನ್ನು ಎಂದು ಗೊತ್ತಾದರೂ ಆಶ್ಚರ್ಯವಿಲ್ಲ. ಮೊದಲೆರಡು ದಿನ ತಲೆನೋವು ಬಂದರೆ ಅದು ಚಾ ಬಿಟ್ಟದ್ದರ ನೋವು, ಕಷಾಯದ ದೋಷವಲ್ಲ.

ಮಧ್ಯಾಹ್ನದ ನಿದ್ದೆಯ ಮಾತನ್ನು ಧಾರಾಳವಾಗಿ ಕೇಳಿ, 20 ನಿಮಿಷಕ್ಕೆ ಅಲಾರಾಂ ಇಟ್ಟು. ಮುಕ್ಕಾಲು ತಾಸು ದಾಟಿದರೆ ಗಾಢನಿದ್ದೆಯಿಂದ ಎದ್ದು ಮಂಕು ಹಿಡಿಯುತ್ತದೆ. ಜಡದ ಜೊತೆ ಬಾಯಾರಿಕೆ, ಪದೇ ಪದೇ ಮೂತ್ರ ಇದ್ದರೆ ಮಾತ್ರ ಪುಸ್ತಕ ಮುಚ್ಚಿ ರಕ್ತ ತಪಾಸಣೆ ಮಾಡಿಸಿ. ಬರಿಹೊಟ್ಟೆಯ ಸಕ್ಕರೆ 126 ಅಥವಾ ಅದಕ್ಕೂ ಹೆಚ್ಚಿಗೆ ಎರಡು ಸಲ ಬಂದರೆ ಮಧುಮೇಹ. ಎದೆ ಹಿಂಡುವುದು, ಉಸಿರು ಕಟ್ಟುವುದು ಲಕ್ಷ್ಯವಿಟ್ಟು ಗಮನಿಸುವ ಸಂಗತಿಗಳಲ್ಲ, ಕೂಡಲೇ ಆಸ್ಪತ್ರೆಗೆ ಹೋಗುವಂಥವು. ಇನ್ನೊಂದು ಬಗೆಯವರಿದ್ದಾರೆ: ಎದೆಬಡಿತಕ್ಕೆ ಲಕ್ಷ್ಯ ಕೊಟ್ಟಷ್ಟೂ ಬಡಿತ ಹೆಚ್ಚಿ ಹೆದರುವವರು. ಅವರು ಒಳಗೆ ನೋಡುವುದನ್ನು ಬಿಟ್ಟು ಪಾದ ನೆಲಕ್ಕೆ ತಾಗುವುದನ್ನೋ, ಹಂಚಿನ ಮೇಲಿನ ಮಳೆಯ ಸದ್ದನ್ನೋ ಗಮನಿಸಲಿ.

ಉಳಿದದ್ದು ಅತ್ತೆ ಮತ್ತು ಮಗಳ ಜಗಳ. ನವಣೆ ನಿಮ್ಮ ಹೊಟ್ಟೆಗೆ ಹಿಡಿಸುತ್ತದೋ, ಉಬ್ಬರಿಸುತ್ತದೋ ಎಂಬುದನ್ನು ಪುಸ್ತಕ ಹೇಳುತ್ತದೆ. ಅನ್ನದ ಕಾಲುಭಾಗದಿಂದ ಶುರು ಮಾಡಿ. ಗಂಜಿಯೂ ಅದೇ ಪರೀಕ್ಷೆಗೆ ಕೂರಲಿ, ಆದರೆ ಅದರ ಜೊತೆ ನೆಂಜಿಕೊಳ್ಳುವ ಅಪ್ಪೆಮಿಡಿ ಉಪ್ಪಿನಕಾಯಿಯ ಉಪ್ಪು ಲೆಕ್ಕದಲ್ಲಿರಲಿ: ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಚಹಾ ಚಮಚ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಗಳು ಮುಂದಿನ ಸಲ ಬರುವಾಗ ನವಣೆಯ ಚೀಲಕ್ಕಿಂತ ಮೊದಲು ಒಂದು ಬಿಪಿ ಯಂತ್ರ ತರಲಿ. ತೋಳಿಗೆ ಸುತ್ತುವಂಥದ್ದು, ಮಣಿಕಟ್ಟಿನದ್ದು ಬೇಡ. ಕೊಳ್ಳುವ ಮೊದಲು ಫೋನಿನಲ್ಲಿ ನಿಮ್ಮ ತೋಳಿನ ಸುತ್ತಳತೆ ತಿಳಿಸಿ.