ನಾಲ್ಕನೇ ಕ್ಲಾಸಿನ ಮಗಳಿಗೆ ಇಂಗ್ಲಿಷ್ ಸ್ವರಗಳ ಸ್ಪೆಲ್ಲಿಂಗ್ ತಲೆಗೆ ಹತ್ತುತ್ತಿಲ್ಲ, ಹೇಗೆ ಕಲಿಸಲಿ?

ನಿಮ್ಮ ಮಗಳು ಬೋಟ್ ಪದವನ್ನು ಬಿ-ಓ-ಟಿ-ಇ ಎಂದು, ರೇನ್ ಪದವನ್ನು ಆರ್-ಎ-ಎನ್-ಇ ಎಂದು ಬರೆಯುತ್ತಾಳೆ, ಇಪ್ಪತ್ತು ಸಲ ಬರೆಸಿದರೂ ಮರುದಿನ ಮತ್ತೆ ಅದೇ ತಪ್ಪು ಅಂತ ಕೇಳಿದ್ದೀರಿ. ಓದುತ್ತಿದ್ದ ಹಾಗೇ ನನ್ನ ಮಗ ಕಣ್ಮುಂದೆ ಬಂದ. ಮೂರನೇ ಕ್ಲಾಸಿನಲ್ಲಿ ಅವನದೂ ಇದೇ ಕಷ್ಟ ಇತ್ತು.

ಒಂದು ಸಂಜೆ ಅವನೂ ಬೋಟ್ ಪದವನ್ನು ಹೀಗೆಯೇ ಬರೆದ. ರಬ್ಬರ್ ಕೈಗೆ ಕೊಡುವ ಮೊದಲು, "ಕೊನೆಗೆ ಇ ಯಾಕೆ ಹಾಕಿದೆ ಪುಟ್ಟಾ?" ಎಂದು ಕೇಳಿದೆ. "ಫೋನ್‌ಗೆ ಇ ಇದೆ ಅಲ್ವಾ ಅಮ್ಮಾ? ಬೋಟ್‌ಗೂ ಅದೇ ಸೌಂಡ್ ತಾನೇ?" ಎಂದ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಅವನು ಸುಮ್ನೆ ಊಹೆ ಮಾಡಿ ಬರೆದಿರಲಿಲ್ಲ. ಕಲಿತ ಒಂದು ನಿಯಮವನ್ನು ಸರಿಯಾಗಿಯೇ ಬಳಸಿದ್ದ. ಅಷ್ಟು ದಿನ ನಾನು ಗದರಿದ್ದು ಆ ಬುದ್ಧಿಗೇ.

ನಿಮ್ಮ ಮಗಳು ಮಾಡುತ್ತಿರುವುದೂ ಅದನ್ನೇ. ಅವಳ ಕಿವಿ ಚುರುಕಾಗಿದೆ. ಸ್ವರ ಎಳೆಯಬೇಕು ಎಂದು ಗೊತ್ತಾಗಿದೆ, ಎಳೆಯಲು ಕೊನೆಗೆ ಇ ಬೇಕು ಎಂದೂ ನೆನಪಿದೆ. ಕನ್ನಡದಲ್ಲಿ ಓ ಅಂದರೆ ಓ, ಕಾಗುಣಿತ ಬಂದರೆ ಮುಗಿಯಿತು. ಇಂಗ್ಲಿಷಿನಲ್ಲಿ ಸ್ವರದ ಅಕ್ಷರ ಐದೇ, ಸ್ವರದ ಸೌಂಡು ಸುಮಾರು 20. ಹಾಗಾಗಿ ಅಕ್ಷರಗಳು ಜೋಡಿಯಾಗಿ ಕೆಲಸ ಮಾಡಬೇಕು, ಒಂದೇ ಸೌಂಡಿಗೆ ಮೂರ್ನಾಲ್ಕು ಜೋಡಿ. ಅವಳಿಗೆ ಯಾರೂ ಹೇಳದೇ ಇರುವುದು ಇದನ್ನು.

ನಮಗೆ ದಾರಿ ಸಿಕ್ಕಿದ್ದು ಮನೆಮಾತಿನಲ್ಲೇ. ದಿನವಿಡೀ ನಾವು ಆಡುವ ಇಂಗ್ಲಿಷ್ ಪದಗಳನ್ನು ಒಂದು ಸಲ ಗಮನಿಸಿ. ಸೋಪು, ಕೋಟು, ರೋಡು, ಲೋನು, ಬೋಟು, ಗೋಲು. ಇವೆಲ್ಲದರಲ್ಲೂ ಓ-ಎ ಜೋಡಿ. ಫೋನು, ನೋಟು, ವೋಟು, ರೋಸು ಇನ್ನೊಂದು ಮನೆಯವರು, ಅವರಲ್ಲಿ ಕೊನೆಗೆ ಮಾತಾಡದ ಇ. ನಾವು ಒಂದು ಕತೆ ಕಟ್ಟಿದೆವು: ಸೋಪು ಹಚ್ಚಿ ಸ್ನಾನ ಮಾಡಿ, ಕೋಟು ಹಾಕಿ, ರೋಡಿಗೆ ಬಂದು, ಲೋನು ತಗೊಂಡು ಬೋಟು ಕೊಂಡ. ಒಂದು ವಾರ ಬರೀ ಇದೇ. ಆ ವಾರ ಫೋನು, ನೋಟಿನ ಮಾತೇ ಎತ್ತಲಿಲ್ಲ. ಎರಡು ಗುಂಪನ್ನು ಒಂದೇ ದಿನ ಕೊಟ್ಟರೆ ಎರಡೂ ಕಲಸಿಹೋಗುತ್ತವೆ, ಇದನ್ನು ಮಾತ್ರ ಮರೆಯಬೇಡಿ.

ರೇನ್ ಗುಂಪಿಗೆ ಇನ್ನೂ ಒಳ್ಳೆಯ ಗುರುತು ಇದೆ. ಇಂಗ್ಲಿಷಿನವರು ರೇಲ್, ಚೇನ್, ಟ್ರೇನ್ ಎನ್ನುವುದನ್ನು ನಾವು ರೈಲು, ಚೈನು, ಟ್ರೈನು ಎನ್ನುತ್ತೇವೆ. ನಮ್ಮ ಬಾಯಲ್ಲಿ ಆ ಎ-ಐ ಜೋಡಿ ಹಾಗೇ ಉಳಿದಿದೆ! ಇದನ್ನು ಹೇಳಿದ ದಿನ ಮಗ "ಡ್ರೈನೇಜೂ ಹಾಗೇನಾ?" ಎಂದು ತಾನೇ ಹುಡುಕಿ ತಂದ. ಆದರೆ ಲೈನು, ಫೈನು ಈ ಗುಂಪಿನವಲ್ಲ. ಅವನ್ನು ಇಂಗ್ಲಿಷಿನಲ್ಲೂ ಐ ಎಂದೇ ಹೇಳುತ್ತಾರೆ, ಅಲ್ಲಿ ಐ ಮತ್ತು ಕೊನೆಗೆ ಇ. ಮಗಳು ಕೇಳಿಯೇ ಕೇಳುತ್ತಾಳೆ, ಉತ್ತರ ಸಿದ್ಧ ಇರಲಿ. ಗೇಟು, ಪ್ಲೇಟು, ಕೇಕು, ರೇಟುಗಳಿಗೆ ಕೊನೆಯ ಇ ಸಾಕು.

ಜೊತೆಗೆ ಜಾಗ ನೋಡುವುದನ್ನು ಕಲಿಸಿ. ಎ-ಐ ಸಾಮಾನ್ಯವಾಗಿ ಪದದ ನಡುವೆ ಕೂರುತ್ತದೆ. ಪದ ಮುಗಿಯುವ ಕಡೆ ಅದೇ ಸೌಂಡಿಗೆ ಎ-ವೈ: ಡೇ, ಪ್ಲೇ, ಸಂಡೇ. ಹಾಗೆಯೇ ನಡುವೆ ಓ-ಎ, ಕೊನೆಯಲ್ಲಿ ಹೆಚ್ಚಾಗಿ ಓ-ಡಬ್ಲ್ಯು: ಶೋ, ಸ್ನೋ, ಯೆಲ್ಲೋ. "ಸೌಂಡು ಎಲ್ಲಿದೆ, ನಡುವೆಯೋ ಕೊನೆಗೋ?" ಎಂದು ಮೊದಲು ಕೇಳಿ, ಆಮೇಲೆ ಬರೆಸಿ.

ಎರಡು ಸ್ವರ ಅಕ್ಷರ ಜೊತೆಗೆ ಬಂದರೆ ಮೊದಲನೆಯದೇ ಮಾತಾಡುತ್ತದೆ ಎಂಬ ನಿಯಮವನ್ನು ಅನೇಕರು ಹೇಳಿಕೊಡುತ್ತಾರೆ. ಅದನ್ನು ನಂಬಿ ಕೂರಬೇಡಿ. ಮಕ್ಕಳ ಓದಿನ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಥಿಯೋಡರ್ ಕ್ಲೈಮರ್ 1963ರಲ್ಲಿ ಮಕ್ಕಳ ಪಠ್ಯಪುಸ್ತಕಗಳ ಪದಗಳನ್ನು ತೆಗೆದು ಪರೀಕ್ಷಿಸಿದಾಗ, ಆ ನಿಯಮ ಸರಿಹೋಗಿದ್ದು ಶೇ. 45ರಷ್ಟು ಪದಗಳಿಗೆ ಮಾತ್ರ. ಅರ್ಧಕ್ಕಿಂತ ಜಾಸ್ತಿ ಸಲ ತಪ್ಪುವ ನಿಯಮ ಕೊಟ್ಟು ಮಗುವನ್ನು ಬೈಯುವುದು ನ್ಯಾಯವಲ್ಲ.

ಬರೆಸುವ ರೀತಿಯನ್ನೂ ಬದಲಿಸಿ. ಇಪ್ಪತ್ತು ಸಲ ನಕಲು ಮಾಡುವಾಗ ಕೈ ಓಡುತ್ತದೆ, ಕಿವಿ ಮಲಗಿರುತ್ತದೆ. ನಾನು ಊಟದ ತಟ್ಟೆಗೆ ರವೆ ಹರಡಿ ಕೊಡುತ್ತಿದ್ದೆ, ಅಕ್ಷರಾಭ್ಯಾಸಕ್ಕೆ ಅಕ್ಕಿ ಹರಡುವ ಹಾಗೆ. ಬೆರಳಲ್ಲಿ "ಸ್" ಎನ್ನುತ್ತಾ ಎಸ್, "ಓ" ಎಂದು ಎಳೆಯುತ್ತಾ ಓ-ಎ ಎರಡನ್ನೂ ಕೈ ಎತ್ತದೆ, ಆಮೇಲೆ "ಪ್". ತಟ್ಟೆ ಅಲುಗಿಸಿದರೆ ತಪ್ಪು ಮಾಯ, ಕೆಂಪು ಗೆರೆಯ ಭಯವಿಲ್ಲ. ದಿನಕ್ಕೆ ಹತ್ತು ನಿಮಿಷ, ಐದು ಪದ. ಹಳೆಯ ಮದುವೆ ಕಾರ್ಡುಗಳನ್ನು ಕತ್ತರಿಸಿ ಪದ ಬರೆದು, ಗುಂಪು ಗುಂಪಾಗಿ ಹಾಸುವ ಆಟವನ್ನೂ ಆಡಿದೆವು.

"ಇವರು ಯಾಕೆ ಹೀಗೆ ಬರೀತಾರೆ?" ಎಂದು ಅವಳು ಸಿಟ್ಟಾದರೆ ನಿಜವನ್ನೇ ಹೇಳಿ. ಸುಮಾರು 1400ರಿಂದ 1700ರ ನಡುವೆ ಇಂಗ್ಲಿಷಿನ ದೀರ್ಘ ಸ್ವರಗಳ ಉಚ್ಚಾರ ಪೂರ್ತಿ ಬದಲಾಯಿತು. ಅದೇ ಕಾಲದಲ್ಲಿ, 1476ರಲ್ಲಿ, ವಿಲಿಯಂ ಕ್ಯಾಕ್ಸ್ಟನ್ ಎಂಬ ವ್ಯಾಪಾರಿ ಇಂಗ್ಲೆಂಡಿಗೆ ಅಚ್ಚಿನ ಯಂತ್ರ ತಂದ. ನಾಲಿಗೆ ಮುಂದೆ ಹೋಯಿತು, ಅಚ್ಚಾದ ಸ್ಪೆಲ್ಲಿಂಗ್ ಬಹುಪಾಲು ಹಿಂದೆಯೇ ಉಳಿಯಿತು. ನಮ್ಮಲ್ಲೂ ಹಳಗನ್ನಡದ ಪಾಲು ಹಾಲಾಯಿತು, ಪುಲಿ ಹುಲಿಯಾಯಿತು. ನಾವು ಬರವಣಿಗೆಯನ್ನೂ ಬದಲಿಸಿಕೊಂಡೆವು, ಅವರು ಅಷ್ಟಾಗಿ ಬದಲಿಸಿಕೊಳ್ಳಲಿಲ್ಲ. ತಪ್ಪು ತನ್ನ ತಲೆಯದ್ದಲ್ಲ ಎಂದು ತಿಳಿದ ಮೇಲೆ ನನ್ನ ಮಗನ ಮುಖ ಹಗುರಾದದ್ದು ಇನ್ನೂ ನೆನಪಿದೆ.

ಒಂದು ವಿಷಯ ಮಾತ್ರ ತಡ ಮಾಡದೆ ನೋಡಿ. ಅವಳಿಗೆ ಕನ್ನಡದಲ್ಲೂ ದೀರ್ಘ ಬಿಟ್ಟುಹೋಗುತ್ತಾ, ಒತ್ತಕ್ಷರ ತಪ್ಪುತ್ತಾ, ಗಟ್ಟಿಯಾಗಿ ಓದುವಾಗ ಸಾಲು ಹಾರುತ್ತಾ? ಹೌದಾದರೆ ಮೊದಲು ಕಣ್ಣು, ಕಿವಿ ತೋರಿಸಿ. ಆಮೇಲೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕಷ್ಟವಾಗುವ ಕಲಿಕಾ ನ್ಯೂನತೆ, ಇದೆಯೇ ಎಂದು ತಿಳಿದವರಿಂದ ಪರೀಕ್ಷೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಎರಡರಲ್ಲೂ ಕೇಳಬಹುದು. ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಒಪ್ಪಿಕೊಂಡಿದೆ, ಹಾಗಾಗಿ ಪರೀಕ್ಷೆಯಲ್ಲಿ ಹೆಚ್ಚು ಸಮಯದಂಥ ನೆರವು ಕೇಳಲು ದಾರಿ ಇದೆ. ಅಲ್ಲಿಗೆ ಹೋಗುವವರೆಗೂ ರವೆ ತಟ್ಟೆ ನಿಲ್ಲಿಸಬೇಡಿ. ಇವತ್ತು ರಾತ್ರಿ ಸೋಪು, ಕೋಟಿನಿಂದ ಶುರು ಮಾಡಿ.