‘ನುಗ್ಗುತ್ತದೆ’ ಎಂಬ ಕ್ರಿಯಾಪದವನ್ನು ಮೊದಲು ತೆಗೆಯಿರಿ: ನರಹುಲಿ ವೈರಸ್ ಲೇಖನಕ್ಕೆ ಸಂಪಾದಕರ ಉತ್ತರ

ಪ್ರಿಯರೇ, ನಮಸ್ಕಾರ.

ನರಹುಲಿ ತರುವ ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ ವೈರಸ್) ಬಗ್ಗೆ ನೀವು ಕಳಿಸಿದ ‘ಚರ್ಮಕ್ಕೆ ನುಗ್ಗುವ ಕಳ್ಳ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಕನ್ನಡದಲ್ಲಿ ಬರಲೇಬೇಕಾದ ವಿಷಯವಿದು. ಅದಕ್ಕೇ ಎಲ್ಲಿ ಎಡವಿದ್ದೀರಿ ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಹನ್ನೆರಡು ಪ್ಯಾರಾಗಳಲ್ಲಿ ಒಂಬತ್ತು ಕ್ಯಾನ್ಸರ್ ಭಯಕ್ಕೇ ಹೋಗಿವೆ. ವೈರಸ್ ಒಳಸೇರುವ ಬಗೆ ಒಂದೇ ವಾಕ್ಯದಲ್ಲಿ ಮುಗಿದಿದೆ: ‘ಬೀಗಕ್ಕೆ ಕೀಲಿಕೈ ಹೊಂದುವಂತೆ ವೈರಸ್ ಚರ್ಮದ ಕೋಶಕ್ಕೆ ಅಂಟಿ, ಕ್ಷಣಮಾತ್ರದಲ್ಲಿ ಒಳನುಗ್ಗುತ್ತದೆ.’ ಲೇಖನ ಸೋತಿರುವುದು ಇಲ್ಲಿ.

ಯಾವ ಚರ್ಮದ ಕೋಶ? ನಾವು ಮುಟ್ಟಿ ನೋಡುವ ಮೇಲ್ಪದರದಲ್ಲಿ ಇರುವುದು ಕೆರಟಿನ್ ಎಂಬ ಗಟ್ಟಿ ಪ್ರೋಟೀನ್ ತುಂಬಿದ ಸತ್ತ ಕೋಶಗಳು. ಎಚ್‌ಪಿವಿಗೆ ಬೇಕಾದದ್ದು ಕೆಳಗೆ, ಇನ್ನೂ ವಿಭಜನೆಯಾಗುತ್ತಿರುವ ಬುಡದ ಪದರದ ಕೋಶ. ಗಟ್ಟಿಯಾಗಿರುವ ಚರ್ಮವನ್ನು ದಾಟಿ ಅಲ್ಲಿಗಿಳಿಯುವ ಶಕ್ತಿ ಅದಕ್ಕಿಲ್ಲ, ತರಚು ಗಾಯ ಬೇಕು. ಹಾಗಾಗಿ ಲೇಖನವನ್ನು ವೈರಸ್‌ನಿಂದಲ್ಲ, ಗಾಯದಿಂದ ಶುರು ಮಾಡಿ. ಉದಾಹರಣೆಗೆ: ‘ಒರಟು ನೆಲಕ್ಕೆ ಒದ್ದೆ ಅಂಗಾಲು ಉಜ್ಜಿತು. ರಕ್ತ ಬರಲಿಲ್ಲ, ಸಣ್ಣಗೆ ಉರಿಯಿತು ಅಷ್ಟೆ. ಆದರೆ ಆ ಗೀರಿನ ತಳದಲ್ಲಿ, ಬುಡದ ಕೋಶಗಳು ಕೂತಿದ್ದ ತಳಪೊರೆ ಈಗ ಬಯಲಾಗಿದೆ.’ ಓದುಗರಿಗೆ ಜಾಗ ಕಣ್ಣಿಗೆ ಕಟ್ಟಿದ ಮೇಲೆ ವೈರಸ್ಸನ್ನು ತನ್ನಿ.

ಇಲಿಗಳಲ್ಲಿ ನಡೆದ ಪ್ರಯೋಗಗಳಲ್ಲಿ ವೈರಸ್ ಮೊದಲು ಅಂಟಿದ್ದು ಕೋಶಕ್ಕಲ್ಲ, ಈ ತಳಪೊರೆಗೆ. ಅಲ್ಲಿರುವ ಹೆಪರಾನ್ ಸಲ್ಫೇಟ್ ಎಂಬ ಸಕ್ಕರೆ ಸರಪಳಿಗೆ ಋಣ ವಿದ್ಯುದಂಶವಿದೆ. ವೈರಸ್‌ನ ಹೊರಕವಚದ ಎಲ್1 ಪ್ರೋಟೀನ್ ಅದನ್ನು ಹಿಡಿಯುತ್ತದೆ. ಪ್ರಯೋಗಾಲಯದಲ್ಲಿ ಅದೇ ಜಾತಿಯ ಹೆಪಾರಿನ್ ಬೆರೆಸಿದರೆ ಈ ಹಿಡಿತ ತಪ್ಪಿ, ಸೋಂಕು ನಿಲ್ಲುತ್ತದೆ. ಹಿಡಿದ ಮೇಲೆ ಕವಚದ ಆಕಾರ ಬದಲಾಗುತ್ತದೆ. ಒಳಗಿದ್ದ ಎಲ್2 ಪ್ರೋಟೀನಿನ ತುದಿ ಹೊರಚಾಚುತ್ತದೆ. ಅದನ್ನು ಫ್ಯೂರಿನ್ ಎಂಬ ಕಿಣ್ವ ಕತ್ತರಿಸುತ್ತದೆ. ಫ್ಯೂರಿನ್ ವೈರಸ್ ತಂದದ್ದಲ್ಲ, ನಮ್ಮದೇ ದೇಹದ್ದು! ಇದನ್ನು ಓದುಗರಿಗೆ ಹೇಳದೆ ಬಿಡಬೇಡಿ. ಅಷ್ಟರಲ್ಲಿ ಗಾಯ ಮುಚ್ಚಲು ಅಕ್ಕಪಕ್ಕದ ಕೋಶಗಳು ತಳಪೊರೆಯ ಮೇಲೆ ಸರಿದು ಬರುತ್ತವೆ, ಕಾದಿದ್ದ ವೈರಸ್ ಅವಕ್ಕೆ ದಾಟಿಕೊಳ್ಳುತ್ತದೆ. ಗಾಯ ಮಾಯುವ ಕೆಲಸವೇ ಅದಕ್ಕೆ ದಾರಿ ಮಾಡಿಕೊಡುತ್ತದೆ. ಕೀಲಿಕೈ ಹೋಲಿಕೆ ಇಲ್ಲಿ ನಿಲ್ಲದಿರುವುದು ಇದಕ್ಕೇ.

ಆಮೇಲೆ ವೈರಸ್ ಹಿಡಿದುಕೊಳ್ಳುವ, ಕೋಶದ ಮೇಲಿನ ಎರಡನೆಯ ಗ್ರಾಹಕ ಯಾವುದೆಂಬುದು ಸಂಶೋಧಕರಲ್ಲೇ ಇನ್ನೂ ತೀರ್ಮಾನವಾಗಿಲ್ಲ. ಆಲ್ಫಾ-6 ಇಂಟೆಗ್ರಿನ್, ಅನೆಕ್ಸಿನ್ ಎ2, ಸಿಡಿ151 ಎಂಬ ಪ್ರೋಟೀನುಗಳ ಹೆಸರುಗಳು ಚರ್ಚೆಯಲ್ಲಿವೆ. ನೀವು ಒಂದನ್ನೇ ಹಿಡಿದು ‘ಇದೇ ಬಾಗಿಲು’ ಎಂದಿದ್ದೀರಿ, ತೆಗೆಯಿರಿ.

‘ಕ್ಷಣಮಾತ್ರದಲ್ಲಿ’ ಎಂಬುದಂತೂ ಪೂರ್ತಿ ತಪ್ಪು. ಎಚ್‌ಪಿವಿ ನಿಧಾನಿ. ಕೋಶದ ಹೊರಗೇ ಗಂಟೆಗಟ್ಟಲೆ ಇರುತ್ತದೆ. ಕೋಶ ಅದನ್ನು ಚೀಲದೊಳಗೆ ಎಳೆದುಕೊಂಡ ಮೇಲೆ ಆಮ್ಲೀಯ ವಾತಾವರಣದಲ್ಲಿ ಕವಚ ಸಡಿಲವಾಗುತ್ತದೆ. ಎಲ್2 ಜೊತೆಗೆ ಡಿಎನ್‌ಎ ಕೋಶದೊಳಗಿನ ಸಾಗಣೆ ಕೇಂದ್ರವಾದ ಗಾಲ್ಜಿಯ ಕಡೆಗೆ ಸಾಗುತ್ತದೆ. ನ್ಯೂಕ್ಲಿಯಸ್ಸಿನ ರಂಧ್ರದಿಂದ ತೂರುತ್ತದೆ ಎಂದು ನೀವು ಬರೆದಿದ್ದೀರಿ. ಹಾಗಲ್ಲ, ಕೋಶ ವಿಭಜನೆಯಾಗುವಾಗ ನ್ಯೂಕ್ಲಿಯಸ್ಸಿನ ಪೊರೆ ಕಳಚುವವರೆಗೂ ಕಾಯುತ್ತದೆ. ವಿಭಜನೆಯಾಗದ ಕೋಶ ಅದಕ್ಕೆ ಉಪಯೋಗವಿಲ್ಲದಿರುವುದು ಇದೇ ಕಾರಣಕ್ಕೆ. ಇಷ್ಟೆಲ್ಲ ಆಗುವಾಗ ಹೆಚ್ಚುಕಡಿಮೆ ಒಂದು ದಿನ ಕಳೆದಿರುತ್ತದೆ. ಈ ವಿವರಗಳಲ್ಲಿ ಹೆಚ್ಚಿನವು 16ನೇ ಬಗೆಯ ಎಚ್‌ಪಿವಿಯಿಂದ ತಿಳಿದವು ಎಂದು ಒಮ್ಮೆ ಹೇಳಿಬಿಡಿ. 200ಕ್ಕೂ ಹೆಚ್ಚು ಬಗೆಗಳಿವೆ. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 70ಕ್ಕೆ ಕಾರಣ 16 ಮತ್ತು 18. ಅಂಗಾಲಿನ ನರಹುಲಿ ತರುವುದು ಹೆಚ್ಚಾಗಿ 1, 2, 4ರಂಥ ಬೇರೆ ಬಗೆಗಳು. ನೀವು ಎಲ್ಲವನ್ನೂ ಒಂದೇ ಮೂಟೆಗೆ ಕಟ್ಟಿದ್ದೀರಿ. ಕಾಲಿನಲ್ಲಿ ನರಹುಲಿ ಇರುವ ಮಗುವಿನ ತಾಯಿ ಇದನ್ನು ಓದಿದರೆ ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ.

‘ಸ್ಯಾನಿಟೈಸರ್‌ನಿಂದ ವೈರಸ್‌ನ ಕೊಬ್ಬಿನ ಪೊರೆ ಕರಗುತ್ತದೆ’ ಎಂಬ ಸಾಲು ಹೊಡೆದುಹಾಕಿ. ಎಚ್‌ಪಿವಿಗೆ ಕೊಬ್ಬಿನ ಪೊರೆಯೇ ಇಲ್ಲ.

ಲಸಿಕೆಯ ಪ್ಯಾರಾವನ್ನು ಕೊನೆಗೆ ಅಂಟಿಸಬೇಡಿ, ತಳಪೊರೆಯ ಪಕ್ಕಕ್ಕೇ ತನ್ನಿ. ಲಸಿಕೆಯಲ್ಲಿರುವುದು ಡಿಎನ್‌ಎ ಇಲ್ಲದ ಬರಿಯ ಎಲ್1 ಕವಚ. ಅದರಿಂದ ಹುಟ್ಟಿದ ಪ್ರತಿಕಾಯಗಳು ಗೀರಿನಲ್ಲಿ ಒಸರುವ ದ್ರವದ ಜೊತೆ ಬಂದು ವೈರಸ್ಸನ್ನು ಹೊರಗೇ ತಡೆಯುತ್ತವೆ. ಒಳಗೆ ಸೇರಿಯಾದ ಸೋಂಕನ್ನು ಲಸಿಕೆ ವಾಸಿ ಮಾಡದು, ಏಕೆಂದು ವಿವರಿಸಲು ಆಗ ಇನ್ನೊಂದು ಪ್ಯಾರಾ ಬೇಕಾಗುವುದಿಲ್ಲ.

900 ಪದಗಳೊಳಗೆ ತಿದ್ದಿ ಕಳಿಸಿ, ಖಂಡಿತ ಮತ್ತೆ ಓದುತ್ತೇನೆ. ಚಿತ್ರವನ್ನೂ ಬದಲಿಸಿ. ನೀವು ಬಿಡಿಸಿರುವ ಮುಳ್ಳುಚೆಂಡು ಕೊರೊನಾದ್ದು. ಎಚ್‌ಪಿವಿ ಸುಮಾರು 55 ನ್ಯಾನೋಮೀಟರ್‌ನ ಗುಂಡು; ಮೈತುಂಬ 72 ಗುಬಟುಗಳು, ಒಂದೊಂದರಲ್ಲೂ ಐದು ಎಲ್1.