ಕಲ್ಲು ತುಂಬಿದ ಹಡಗುಗಳಿಗೆ ಜಾಗ ಕೊಡಿ

ಮಾನ್ಯರೇ,

ಕಿಯೋಜಾ ಕದನವನ್ನು ಕುರಿತು ನೀವು ಕಳುಹಿಸಿದ ಕಥೆಯನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಹಾಗೆಂದು ಕೈಬಿಡಬೇಡಿ. ಇಟಲಿಯ ಎರಡು ವ್ಯಾಪಾರಿ ನಗರರಾಜ್ಯಗಳಾದ ವೆನಿಸ್ ಮತ್ತು ಜಿನೋವಾಗಳ ಈ ಯುದ್ಧವನ್ನು ಕನ್ನಡದ ಓದುಗರ ಮುಂದಿಡಲು ಹೊರಟ ನಿಮ್ಮ ಹುಮ್ಮಸ್ಸು ನನಗೆ ತುಂಬಾ ಹಿಡಿಸಿತು.

ಮುಖ್ಯ ತಕರಾರು ಇದು: ಕಥೆಯ ಮುಕ್ಕಾಲು ಭಾಗ ಹಡಗಿನಿಂದ ಹಡಗಿಗೆ ನೆಗೆಯುವ ಯೋಧರು, ಖಡ್ಗಗಳ ಖಣಖಣ, ಚಿಮ್ಮುವ ರಕ್ತ. ಇವರು ಏಕೆ ಹೊಡೆದಾಡುತ್ತಿದ್ದಾರೆ ಎಂಬುದಕ್ಕೆ ‘ಹಳೆಯ ದ್ವೇಷ’ ಎಂದಷ್ಟೇ ಬರೆದು ಮುಂದೆ ಹೋಗಿದ್ದೀರಿ. ಜಗಳ ಹತ್ತಿಕೊಂಡದ್ದು ಟೆನೆಡೋಸ್ ಎಂಬ ಪುಟ್ಟ ದ್ವೀಪದ ಮೇಲೆ. ಅದು ಕಪ್ಪು ಸಮುದ್ರದ ಕಡೆಗೆ ಹೋಗುವ ಡಾರ್ಡನೆಲ್ಸ್ ಜಲಸಂಧಿಯ ಬಾಗಿಲಲ್ಲೇ ಇದೆ. ಅದನ್ನು ಹಿಡಿದವರು ಕಪ್ಪು ಸಮುದ್ರದ ಧಾನ್ಯ, ತುಪ್ಪಳ, ಗುಲಾಮರ ವ್ಯಾಪಾರದ ಮೇಲೆ ಕಣ್ಣಿಡಬಹುದಿತ್ತು. ನಿಮ್ಮ ನಾಯಕ ಕಪ್ಪು ಸಮುದ್ರದಿಂದ ಮರಳುವಾಗ ಕರಿಮೆಣಸಿನ ಮೂಟೆಗಳ ಮೇಲೆ ಮಲಗುತ್ತಾನೆ. ವೆನಿಸಿಗೆ ಮೆಣಸು ಹೆಚ್ಚಾಗಿ ಬರುತ್ತಿದ್ದದ್ದು ಅಲೆಕ್ಸಾಂಡ್ರಿಯಾ, ಬೈರೂತ್‌ಗಳ ಕಡೆಯಿಂದ. ಅವನನ್ನು ಗೋಧಿಯ ಮೂಟೆಗಳ ಮೇಲೆ ಮಲಗಿಸಿ. ಮುಂದೆ ಬರುವ ಹಸಿವಿಗೆ ಅಲ್ಲೇ ಬೀಜ ಬಿದ್ದಂತಾಗುತ್ತದೆ.

ಹಸಿವಿನ ಮಾತು ಕಥೆಯಲ್ಲಿ ಎಲ್ಲೂ ಇಲ್ಲ. 1379ರ ಆಗಸ್ಟ್‌ನಲ್ಲಿ ಜಿನೋವಾದವರು ವೆನಿಸಿನ ನೆರೆಯ ನಗರ ಪಾದುವಾದ ನೆರವಿನಿಂದ ಕಿಯೋಜಾವನ್ನು ಹಿಡಿದರು. ವೆನಿಸಿನ ಹಿನ್ನೀರಿನ ದಕ್ಷಿಣ ತುದಿಯ ಆ ಊರಿನಲ್ಲಿ ಉಪ್ಪಿನ ಆಗರಗಳಿದ್ದವು. ಒಳನಾಡಿನ ನದಿಗಳಿಂದ ಬರುವ ದೋಣಿಗಳಿಗೂ ಅದೇ ದಾರಿ. ಹೊಲಗದ್ದೆಗಳಿಲ್ಲದ ವೆನಿಸಿಗೆ ಆ ದಾರಿ ಮುಚ್ಚಿದರೆ ಏನಾಗುತ್ತದೆ? ಖಾಲಿ ಕಣಜದ ಮುಂದೆ ನಿಂತ ಒಬ್ಬ ಹೆಂಗಸನ್ನು ತೋರಿಸಿ. ನಿಮ್ಮ ಹತ್ತು ಖಡ್ಗಗಳಿಗಿಂತ ಅವಳು ಹೆಚ್ಚು ಹೇಳುತ್ತಾಳೆ.

ಇನ್ನು ಡಿಸೆಂಬರ್ ರಾತ್ರಿ. ‘ವೆನಿಸಿನವರು ಜಾಣತನದಿಂದ ದಾರಿ ಮುಚ್ಚಿದರು’ ಎಂಬ ಒಂದೇ ವಾಕ್ಯದಲ್ಲಿ ಅದನ್ನು ಮುಗಿಸಿಬಿಟ್ಟಿದ್ದೀರಿ! ನನಗೆ ನಿಜವಾಗಿ ನೋವಾದದ್ದು ಇಲ್ಲಿ. ಎಪ್ಪತ್ತು ದಾಟಿದ ಡೋಜ್, ಅಂದರೆ ವೆನಿಸಿನ ಮುಖ್ಯಸ್ಥ, ಆಂಡ್ರಿಯಾ ಕೊಂಟಾರಿನಿ ತಾನೇ ಹಡಗು ಹತ್ತಿದ. ಕಲ್ಲು ತುಂಬಿದ ಹಡಗುಗಳನ್ನು ಕತ್ತಲಲ್ಲಿ ಎಳೆದೊಯ್ದು ಅಳಿವೆಗಳಲ್ಲಿ ಮುಳುಗಿಸಿದರು. ಮುತ್ತಿಗೆ ಹಾಕಿದ್ದ ಜಿನೋವಾದವರೇ ಮುತ್ತಿಗೆಯೊಳಗೆ ಸಿಕ್ಕಿಬಿದ್ದರು. ಹುಟ್ಟು ಹಾಕಿದವರಲ್ಲಿ ಅನೇಕರು ನಗರದ ಕುಶಲಕರ್ಮಿಗಳು, ಆಗಷ್ಟೇ ಹುಟ್ಟು ಹಿಡಿಯಲು ಕಲಿತವರು. ಅಂಥ ಒಬ್ಬನ ಅಂಗೈಯ ಬೊಬ್ಬೆಗಳಿಂದ ಆ ರಾತ್ರಿಯನ್ನು ಬರೆಯಿರಿ. ಕಥೆಯ ನಡುಮನೆ ಅದೇ ಆಗಬೇಕು.

1380ರ ಜನವರಿ 1ರಂದು ವೆನಿಸಿನ ನೌಕಾ ನಾಯಕ ಕಾರ್ಲೋ ಝೆನೋನ ಹಡಗುಪಡೆ ಕಾಣಿಸಿಕೊಳ್ಳುವುದು ನಿಮ್ಮಲ್ಲಿ ದೇವರೇ ಇಳಿದುಬಂದಂತಿದೆ. ಅವನು ಅದುವರೆಗೆ ಮೆಡಿಟರೇನಿಯನ್ನಿನಲ್ಲಿ ಜಿನೋವಾದ ವ್ಯಾಪಾರಿ ಹಡಗುಗಳನ್ನು ಬೇಟೆಯಾಡುತ್ತಿದ್ದ. ಆ ಸುದ್ದಿಯನ್ನು ಮೊದಲೇ ತನ್ನಿ, ಅವನಿಗಾಗಿ ಓದುಗರೂ ಕಾಯಲಿ.

ಸೋತ ತಪ್ಪಿಗೆ ಸೆರೆಯಲ್ಲಿದ್ದ ವೆನಿಸಿನ ನೌಕಾಪತಿ ವೆಟ್ಟೊರ್ ಪಿಸಾನಿಯನ್ನು ಜನರೇ ಒತ್ತಾಯಿಸಿ ಬಿಡಿಸಿಕೊಳ್ಳುವ ದೃಶ್ಯ ಚೆನ್ನಾಗಿದೆ. ಒಂದು ಅಕ್ಷರವನ್ನೂ ಮುಟ್ಟಬೇಡಿ.

ಕೊನೆಯ ದ್ವಂದ್ವಯುದ್ಧವನ್ನು ಮಾತ್ರ ತೆಗೆದುಹಾಕಿ. ಜೂನ್ 24ರಂದು ಕಿಯೋಜಾದಲ್ಲಿದ್ದವರು ಶರಣಾದದ್ದು ಹೊಟ್ಟೆಗಿಲ್ಲದೆ. ಮರುವರ್ಷ ಟ್ಯೂರಿನ್‌ನಲ್ಲಿ ಒಪ್ಪಂದವಾದಾಗ ಟೆನೆಡೋಸ್ ವೆನಿಸಿಗೂ ದಕ್ಕಲಿಲ್ಲ, ಅದರ ಕೋಟೆಯನ್ನು ಕೆಡವಬೇಕೆಂದು ನಿರ್ಧಾರವಾಯಿತು. ಇದನ್ನು ತಿಳಿದ ನಿಮ್ಮ ನಾಯಕ ಏನೆನ್ನುತ್ತಾನೆ? ಅದನ್ನು ಬರೆದು, ತಿದ್ದಿದ ಪ್ರತಿಯನ್ನು ನೇರವಾಗಿ ನನಗೇ ಕಳುಹಿಸಿ. ಅವಸರವೇನೂ ಇಲ್ಲ.

ಇಂತಿ,
ಸಂಪಾದಕ